ಗಾಲಿಯ ಮೇಲಿನ ಮನೆಗೆ ನಿಲ್ಲಲೊಂದು ಜಾಗ

ಬೆಂಗಳೂರಿನಿಂದ ಕನಕಪುರ, ಸಾತನೂರು ದಾಟಿ ಸುಮಾರು 80 ಕಿಲೊಮೀಟರು ಬಂದರೆ ಹಲಗೂರು. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಊರನ್ನು ಹಾಯುವ ರಸ್ತೆ ಮೊದಲು ರಾಷ್ಟ್ರೀಯ ಹೆದ್ದಾರಿ 209 ಆಗಿತ್ತು, ಈಗ 948. ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ಮುಟ್ಟಿ, ಘಾಟಿ ಇಳಿದು ಕೊಯಮತ್ತೂರಿಗೆ ಹೋಗುತ್ತದೆ. ಮನೆಯನ್ನು ಜೊತೆಗೇ ಸಾಗಿಸುವವರು ಈ ದಾರಿಗೆ ಹೊಸಬರಲ್ಲ. ಕುರಿ ಮಂದೆಯ ಹಿಂದೆ ಹಾಸಿಗೆ, ಪಾತ್ರೆ, ಎಳೆಮರಿಗಳನ್ನು ಹೇರಿಕೊಂಡ ಸಣ್ಣ ಗೂಡ್ಸ್ ಗಾಡಿ ಬರುತ್ತದೆ. ತಮಿಳುನಾಡಿನ ತಿರುಚೆಂಗೋಡಿನ ಬೋರ್‌ವೆಲ್ ಲಾರಿ ಬರುತ್ತದೆ. ಅದರ ಹುಡುಗರು ತಿಂಗಳುಗಟ್ಟಲೆ ಲಾರಿಯಲ್ಲೇ ಬೇಯಿಸಿ, ಉಂಡು, ಮಲಗುತ್ತಾರೆ. ಹರಕೆ ಹೊತ್ತ ಕುಟುಂಬಗಳು ಟೆಂಪೊಗೆ ಟಾರ್ಪಾಲು ಬಿಗಿದು ಮುತ್ತತ್ತಿಗೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹೊರಡುತ್ತವೆ. ಇವುಗಳ ನಡುವೆ ಈಚೆಗೆ ಇನ್ನೊಂದು ಬಗೆಯ ಗಾಡಿ ಸೇರಿಕೊಂಡಿದೆ: ಒಳಗೆ ಮಂಚ, ಒಲೆ, ಫ್ರಿಜ್, ಶೌಚಾಲಯ, ತಲೆಯ ಮೇಲೆ ಸೋಲಾರ್ ಹಲಗೆ.

ಮನೆ ಬಾಡಿಗೆ ಬಿಟ್ಟು, ಸಾಮಾನು ಹಂಚಿ, ಇಂಥ ಗಾಡಿಯಲ್ಲೇ ವರ್ಷವಿಡೀ ಬಾಳುವ ಆಸೆ ನಮ್ಮ ನಡುವೆಯೂ ಮೂಡಿದೆ. ನಿವೃತ್ತರು ಕೇಳುತ್ತಾರೆ, ಲ್ಯಾಪ್‌ಟಾಪ್ ಇದ್ದಲ್ಲೇ ಆಫೀಸು ಎನ್ನುವ ಹರೆಯದವರು ಕೇಳುತ್ತಾರೆ: ಇದು ಇಲ್ಲಿ ಸಾಧ್ಯವೇ? ಉತ್ತರವಾಗಿ ಸಿಗುವ ಮಾತೆಲ್ಲ ಗಾಡಿಯ ಬಗ್ಗೆ: ಎಂಥ ಎಂಜಿನ್, ಎಷ್ಟು ಬ್ಯಾಟರಿ, ಎಷ್ಟು ಲಕ್ಷ. ಆದರೆ ಓಡುವ ಮನೆಯೂ ದಿನದ ಇಪ್ಪತ್ತು ಗಂಟೆ ಎಲ್ಲೋ ನಿಂತೇ ಇರುತ್ತದೆ. ಎಲ್ಲಿ ನಿಲ್ಲಬಹುದು, ಯಾರ ಒಪ್ಪಿಗೆಯಿಂದ, ಅಲ್ಲಿ ನೀರು ಯಾರು ಕೊಡುತ್ತಾರೆ, ಕೊಳೆ ಎಲ್ಲಿಗೆ ಹೋಗುತ್ತದೆ ಎನ್ನುವುದರ ಮೇಲೆ ಈ ಬದುಕು ನಿಂತಿದೆ. ನಮ್ಮ ಹಳ್ಳಿಗಳು ಒಂದು ಕಾಲಕ್ಕೆ ಈ ಪ್ರಶ್ನೆಯನ್ನು ಬಗೆಹರಿಸಿಕೊಂಡಿದ್ದವು. ಆ ಏರ್ಪಾಡನ್ನು ಕಳೆದುಕೊಂಡ ಮೇಲೆ ಹೊಸ ಗಾಡಿ ಬಂದಿದೆ ಎನ್ನುವುದೇ ಈಗಿನ ತೊಡಕು.

ಮೊಕ್ಕಾಂ ಹೂಡುತ್ತಿದ್ದವರು

ಇದೇ ಸೀಮೆಯಲ್ಲಿ ಹಾದುಹೋದ ಅತಿ ದೊಡ್ಡ ಚಲಿಸುವ ಊರು ಒಂದು ಸೈನ್ಯ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಚನ್ನಪಟ್ಟಣದ ನೇರ ದಾರಿ ಬಿಟ್ಟು ಕನಕಪುರದ ಬಳಸುದಾರಿ ಹಿಡಿದ. ಟಿಪ್ಪು ಆ ದಾರಿಯ ಹುಲ್ಲು, ಕಾಳು, ಊರುಗಳನ್ನು ಮೊದಲೇ ಬರಿದು ಮಾಡಿದ್ದ. ಕಾವೇರಿ ದಂಡೆಯ ಅರಕೆರೆ ತಲುಪುವಷ್ಟರಲ್ಲಿ ಎತ್ತುಗಳು ಸಾಯತೊಡಗಿದ್ದವು. ಕಾರ್ನ್‌ವಾಲಿಸ್ ಯುದ್ಧ ಗೆದ್ದರೂ ಮುಂದುವರಿಯಲಾಗದೆ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ದಾರಿಯ ಊರುಗಳು ಏನನ್ನೂ ಕೊಡದಂತಾದಾಗ ಸಾವಿರಾರು ಗಾಡಿಗಳಿದ್ದೂ ಪ್ರಯೋಜನವಾಗಲಿಲ್ಲ. ಆ ಕಾಲದ ಸೈನ್ಯಗಳಿಗೆ ಕಾಳು ಮುಟ್ಟಿಸುತ್ತಿದ್ದವರು ಲಂಬಾಣಿಗಳು. ಹೇರೆತ್ತುಗಳ ಸಾಲು, ಉಪ್ಪು, ಧಾನ್ಯ, ಹೆಂಗಸರು ಮಕ್ಕಳ ಸಮೇತ ವರ್ಷದ ಬಹುಪಾಲು ದಾರಿಯಲ್ಲೇ ಕಳೆಯುತ್ತಿದ್ದ ಅವರ ವೃತ್ತಿಯನ್ನು ರೈಲು ಮತ್ತು ಗಾಡಿ ರಸ್ತೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಿತ್ತುಕೊಂಡವು. ಬೀಡುಗಳು ತಾಂಡಾಗಳಾಗಿ ನೆಲೆ ನಿಂತವು.

ಹೆಳವರದು ಇನ್ನೊಂದು ದಾರಿ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಊರಿಗೆ ಬಂದು, ಒಕ್ಕಲಿನ ವಂಶಾವಳಿ ಹಾಡಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡ್ಡಿ ಪಡೆದು ಮುಂದಿನ ಊರಿಗೆ ಹೋಗುವವರು. ಒಂದು ಮನೆಗೆ ಮತ್ತೆ ಬರುವುದು ಕೆಲವು ವರ್ಷಗಳ ಮೇಲೆ. ಆದರೂ ಅವರು ಅಪರಿಚಿತರಲ್ಲ. ಮನೆಯವರಿಗಿಂತ ಚೆನ್ನಾಗಿ ಮನೆತನವನ್ನು ಬಲ್ಲವರು. ಈಗ ಎತ್ತಿನ ಜಾಗಕ್ಕೆ ಹಲವರಿಗೆ ವ್ಯಾನು ಬಂದಿದೆ.

ಕುರುಬರ ಮಂದೆಯ ಲೆಕ್ಕ ಇನ್ನೂ ನೇರ. ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯಿಂದ ಮಂದೆ ಇಳಿದು ಬರುತ್ತದೆ. ರೈತ ತನ್ನ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾನೆ. ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ. ಕುರಿಗಾರನಿಗೆ ರಾಗಿಯೋ ದುಡ್ಡೋ. ಇಲ್ಲಿ ನಿಲ್ಲುವವನೇ ಹಣ ಪಡೆಯುತ್ತಾನೆ, ನಿಲ್ಲಿಸಿಕೊಂಡವನು ಕೊಡುತ್ತಾನೆ. ಇಂದಿನ ಕ್ಯಾರವಾನ್ ಪಾರ್ಕಿನ ಬಾಡಿಗೆಗೆ ಇದು ತದ್ವಿರುದ್ಧ. ಬಂದವನು ಊರಿಗೆ ಏನನ್ನೋ ಬಿಟ್ಟು ಹೋಗುತ್ತಾನೆ ಎನ್ನುವ ಖಾತ್ರಿ ಇದ್ದುದರಿಂದಲೇ ಈ ಒಪ್ಪಂದ ಕಾಗದವಿಲ್ಲದೆ ನಡೆದುಕೊಂಡು ಬಂತು.

ನಾಟಕ ಕಂಪನಿಗಳದು ಊರಿನವರೇ ಕಾದು ಕುಳಿತ ಅಲೆಮಾರಿತನ. 1884ರಲ್ಲಿ ಶುರುವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ದಶಕಗಳ ಕಾಲ ಊರಿಂದ ಊರಿಗೆ ಕ್ಯಾಂಪು ಮಾಡಿತು. ನಟರು, ಹೆಂಡತಿ ಮಕ್ಕಳು, ಅಡುಗೆಯವರು, ಪರದೆ ಬರೆಯುವವರು, ಒಡವೆ ವಸ್ತ್ರದ ಪೆಟ್ಟಿಗೆಗಳು ಎಲ್ಲ ಒಟ್ಟಿಗೇ. ಕಂಪನಿಯಲ್ಲೇ ಹುಟ್ಟಿ ಬೆಳೆದ ಕಲಾವಿದರಿಗೆ ಸ್ವಂತ ಊರು ಯಾವುದೆಂದರೆ ಕ್ಯಾಂಪು ಇದ್ದ ಊರೇ.

ಇವರೆಲ್ಲರಿಗೂ ಊರಿನಲ್ಲಿ ಗೊತ್ತಾದ ತಾಣಗಳಿದ್ದವು. ಗುಂಡುತೋಪು, ಕೆರೆಯಂಗಳ, ಗೋಮಾಳದ ಅಂಚು, ಛತ್ರ, ಮಂಟಪ, ಸಂತೆಮಾಳ. ಮರದ ನೆರಳು, ಹತ್ತಿರ ನೀರು, ಊರಿಗೆ ಕೂಗಳತೆ, ಮನೆಗಳಿಂದ ಕೊಂಚ ದೂರ. ಹಳೆ ಮೈಸೂರಿನ ಕಂದಾಯದ ಪಹಣಿಗಳಲ್ಲಿ ಗುಂಡುತೋಪು ಎಂದು ಬೇರೆಯೇ ದಾಖಲಾಗಿದ್ದ ಈ ನೆಲ ಯಾರೊಬ್ಬರದೂ ಆಗಿರಲಿಲ್ಲ. ಈಗ ಎಷ್ಟೋ ಊರುಗಳಲ್ಲಿ ತೋಪು ನಿವೇಶನವಾಗಿದೆ, ಸಮುದಾಯ ಭವನವಾಗಿದೆ, ಇಲ್ಲವೇ ಪಕ್ಕದ ಜಮೀನಿನವರ ಬೇಲಿಯೊಳಗೆ ಸೇರಿದೆ.

ಕದಲುವವರನ್ನು ಕಳ್ಳರೆಂದ ಕಾನೂನು

ಜಾಗ ಹೋಗುವ ಮೊದಲು ಗೌರವ ಹೋಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಇಡೀ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಪೊಲೀಸರ ಮುಂದೆ ಹಾಜರಿ, ಊರು ಬಿಡಲು ಚೀಟಿ, ತಂತಿಬೇಲಿಯೊಳಗೆ ವಾಸ. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುವ ಬಡಾವಣೆಗಳು ಆ ಕಾಲದವು. ಕಾಯ್ದೆ ರದ್ದಾದದ್ದು 1952ರಲ್ಲಿ. ಅನುಮಾನ ರದ್ದಾಗಲಿಲ್ಲ.

ಸ್ವತಂತ್ರ ಭಾರತ ಅಲೆಮಾರಿಗಳಿಗೆ ಕೊಡಲು ಬಯಸಿದ್ದು ನೆಲೆ. ರಾಜಸ್ಥಾನದ ಗಾಡಿಯಾ ಲೋಹಾರರು ಎತ್ತಿನ ಗಾಡಿಯಲ್ಲೇ ಸಂಸಾರ ಹೂಡಿ ಕೊಡಲಿ, ಕುಡುಗೋಲು ಬಡಿಯುತ್ತ ಊರೂರು ಸುತ್ತುವ ಕಮ್ಮಾರರು. ಚಿತ್ತೋಡ ಬಿದ್ದ ಮೇಲೆ ಮನೆಯೊಳಗೆ ಮಲಗುವುದಿಲ್ಲವೆಂದು ಪಣ ತೊಟ್ಟವರ ಸಂತತಿ ಎಂಬುದು ಅವರ ನಂಬಿಕೆ. 1955ರಲ್ಲಿ ನೆಹರೂ ಅವರೇ ಮುಂದೆ ನಿಂತು ಅವರನ್ನು ಚಿತ್ತೋಡ ಕೋಟೆಯೊಳಕ್ಕೆ ಕರೆದೊಯ್ದರು. ಪಣ ಮುಗಿಯಿತು, ಇನ್ನು ನೆಲೆ ನಿಲ್ಲಿ ಎಂಬ ಸಂದೇಶ. ಗಾಡಿಯಲ್ಲಿ ಬದುಕುವುದನ್ನು ನಮ್ಮ ಆಡಳಿತ ನೋಡಿದ್ದು ಬಿಡಿಸಬೇಕಾದ ಕಷ್ಟವೆಂದೇ. ಬಹುಪಾಲು ಅಲೆಮಾರಿಗಳಿಗೆ ಅದು ನಿಜವೂ ಹೌದು. ಜಾತಿ ಪ್ರಮಾಣಪತ್ರವಿಲ್ಲ, ನಿವೇಶನವಿಲ್ಲ, ಮಕ್ಕಳಿಗೆ ಶಾಲೆಯಿಲ್ಲ. ಕರ್ನಾಟಕದಲ್ಲಿ ಒಳಮೀಸಲಾತಿಗಾಗಿ ನೇಮಿಸಿದ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1ರಷ್ಟು ಶಿಫಾರಸು ಮಾಡಿತ್ತು. 2025ರ ಆಗಸ್ಟ್‌ನಲ್ಲಿ ಸರ್ಕಾರ ಅವರನ್ನು ಶೇ 5ರ ದೊಡ್ಡ ಗುಂಪಿಗೆ ಸೇರಿಸಿದಾಗ ಅವರು ಬೆಂಗಳೂರಿನಲ್ಲಿ ಧರಣಿ ಕುಳಿತರು. ಕದಲುತ್ತಲೇ ಬಾಳಿದವರು ಕೇಳಿದ್ದು ತಮ್ಮದೆನ್ನುವ ಒಂದು ಚಿಕ್ಕ ಪಾಲನ್ನು.

ಹೊಸ ಗಾಡಿ, ಅದರ ಲೆಕ್ಕ

ಈಗ ಸೋಲಾರ್ ಹಲಗೆಯ ಗಾಡಿಗೆ ಬರೋಣ. ಕ್ಯಾರವಾನ್ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಸಿನಿಮಾ ಚಿತ್ರೀಕರಣದಲ್ಲಿ ನಾಯಕ ನಟರಿಗೆ ನಿಲ್ಲಿಸುವ ಬಸ್ಸು. ಬಾಳಲು ಕಟ್ಟಿಸುವ ಗಾಡಿ ಅದಕ್ಕಿಂತ ಚಿಕ್ಕದು. ಬಹಳ ಮಂದಿ ಆರಿಸುವುದು ಟೆಂಪೊ ಟ್ರಾವೆಲರ್ ಅಥವಾ ವಿಂಗರ್‌ನಂಥ ವ್ಯಾನನ್ನು. ಕೆಲವರು ಜೀಪಿಗೆ ಟ್ರೇಲರ್ ಕಟ್ಟುತ್ತಾರೆ.

ಮೊದಲ ತೊಡಕು ಆರ್‌ಟಿಒ ಕಚೇರಿಯದು. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರದ ಮೋಟಾರು ವಾಹನ ಪಟ್ಟಿ ಸಾರಿಗೆಯೇತರ ವಾಹನವೆಂದು ಗುರುತಿಸುತ್ತದೆ. ಅಂದರೆ ಇಂಥ ಬದುಕಿಗೆ ಕಾನೂನಿನಲ್ಲಿ ಹೆಸರಿದೆ. ಆದರೆ ಪ್ರಯಾಣಿಕರ ವ್ಯಾನು ಕೊಂಡು ಸೀಟು ಕಿತ್ತು ಮಂಚ ಜಡಿಸಿದರೆ ಅದು ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಣೆ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಹಾಗಾಗಿ ಅನುಮೋದಿತ ಮಾದರಿಯ ಗಾಡಿಯನ್ನೇ ಕೊಳ್ಳಬೇಕು, ಇಲ್ಲವೇ ಅನುಮತಿ ಪಡೆದು ಬದಲಿಸಿ ಆರ್‌ಸಿಯಲ್ಲಿ ನಮೂದಿಸಬೇಕು. ಹಾಗೆ ಮಾಡದ ಗಾಡಿ ಅಪಘಾತವಾದ ದಿನ ವಿಮೆಯವರ ಮುಂದೆ ಅನಾಥ. ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟ ವಾಹನಕ್ಕೆ ಅಲ್ಲಿಯೇ ಮರುನೋಂದಣಿ ಆಗಬೇಕೆನ್ನುವುದು 47ನೇ ಕಲಮು. ಸುತ್ತುತ್ತಲೇ ಇರುವ ಗಾಡಿ ಯಾವ ರಾಜ್ಯದಲ್ಲಿ ಎಷ್ಟು ದಿನ ಇತ್ತೆಂಬುದಕ್ಕೆ ಮಾಲೀಕ ಟೋಲ್ ರಸೀದಿ ಕೂಡಿಡುವುದು ಜಾಣತನ. 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರು ಈ ತಾಪತ್ರಯ ತಪ್ಪಿಸುತ್ತದೆ, ಆದರೆ ಅದು ಸರ್ಕಾರಿ ನೌಕರರು, ಸೇನೆಯವರು ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳ ನೌಕರರಿಗೆ. ಯಾವ ಕಚೇರಿಯೂ ಇಲ್ಲದೆ ತಿರುಗುವವನಿಗೆ ಇಲ್ಲ.

ಒಳಗಿನ ಲೆಕ್ಕ ಇನ್ನೂ ನಿಷ್ಠುರ. ನಗರವಾಸಿಗೆ ದಿನಕ್ಕೆ 135 ಲೀಟರ್ ನೀರು ಬೇಕೆನ್ನುವುದು ನಮ್ಮ ಯೋಜನಾ ಮಾನದಂಡ. ಗಾಡಿಯಲ್ಲಿ ಇಬ್ಬರು ಸೇರಿ ದಿನಕ್ಕೆ 30 ಲೀಟರಿನಲ್ಲಿ ಮುಗಿಸಿಕೊಳ್ಳುವುದನ್ನು ಕಲಿತರೂ 120 ಲೀಟರಿನ ತೊಟ್ಟಿ ನಾಲ್ಕನೆಯ ದಿನಕ್ಕೆ ಖಾಲಿ. ಎಳೆದು ತೆಗೆಯುವ ಶೌಚದ ಡಬ್ಬಿ ಅದಕ್ಕೂ ಮೊದಲೇ ತುಂಬುತ್ತದೆ. 400 ವಾಟ್‌ನ ಸೋಲಾರ್ ಹಲಗೆ ನಮ್ಮ ಬಿಸಿಲಿನಲ್ಲಿ ದಿನಕ್ಕೆ ಒಂದೂವರೆಯಿಂದ ಎರಡು ಯೂನಿಟ್ ಕೊಟ್ಟೀತು. ದೀಪ, ಫ್ಯಾನು, ಲ್ಯಾಪ್‌ಟಾಪ್, ಸಣ್ಣ ಫ್ರಿಜ್ಜಿಗೆ ಅದು ಸಾಕು. ಆದರೆ ಏಪ್ರಿಲ್ ತಿಂಗಳಲ್ಲಿ ತಗಡಿನ ಗೂಡು ಕಾದು ನಿಂತಾಗ ಒಂದು ಟನ್ನಿನ ಎಸಿ ಗಂಟೆಗೇ ಸುಮಾರು ಒಂದು ಯೂನಿಟ್ ನುಂಗುತ್ತದೆ. ಇಡೀ ದಿನದ ಬಿಸಿಲಿನ ಗಳಿಕೆ ಎರಡು ಗಂಟೆಯಲ್ಲಿ ಮುಗಿಯಿತು. ಡೀಸೆಲ್ ಲೀಟರಿಗೆ 90 ರೂಪಾಯಿ, ಗಾಡಿ ಲೀಟರಿಗೆ 10 ಕಿಲೊಮೀಟರು ಎಂದು ಹಿಡಿದರೆ ತಿಂಗಳಿಗೆ 1,500 ಕಿಲೊಮೀಟರಿಗೆ 13,500 ರೂಪಾಯಿ. ಮಳವಳ್ಳಿಯಂಥ ಊರಿನಲ್ಲಿ ಒಂದು ಸಂಸಾರಕ್ಕೆ ಮನೆ ಬಾಡಿಗೆ ಇದಕ್ಕಿಂತ ಕಡಿಮೆ. ಗಾಡಿಯ ಬಾಳು ಅಗ್ಗ ಎನ್ನುವ ಮಾತು ಹೆಚ್ಚು ಓಡದೆ, ಒಂದು ಕಡೆ ಹೆಚ್ಚು ದಿನ ನಿಲ್ಲುವವರಿಗೆ ಮಾತ್ರ ಸಲ್ಲುತ್ತದೆ. ಹೀಗೆ ನೀರು, ಕರೆಂಟು, ಕೊಳೆ, ಖರ್ಚು ಎಲ್ಲವೂ ಸುತ್ತಿ ಬಂದು ಅದೇ ಜಾಗಕ್ಕೆ ತಂದು ನಿಲ್ಲಿಸುತ್ತವೆ: ತಂಗಲು ಎಲ್ಲಿ?

ಹಲಗೂರಿನಲ್ಲಿ ಒಂದು ರಾತ್ರಿ

ಪ್ರಶ್ನೆಯನ್ನು ನೆಲದ ಮೇಲೆ ಇಟ್ಟು ನೋಡೋಣ. ಗಾಡಿಯವನೊಬ್ಬ ಸಂಜೆ ಐದಕ್ಕೆ ಹಲಗೂರು ತಲುಪಿದ. ದಕ್ಷಿಣಕ್ಕೆ ಕಾಡು, ಆಚೆ ಕಾವೇರಿ. ಮುತ್ತತ್ತಿ, ಭೀಮೇಶ್ವರಿಗಳ ಹೊಳೆದಂಡೆ ಯಾರನ್ನಾದರೂ ಕರೆಯುವಂಥದ್ದೇ. ಆದರೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ತಂಗುವಂತಿಲ್ಲ. ಭೀಮೇಶ್ವರಿಯಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವಿದೆ. ಮಹಶೀರ್ ಮೀನಿನ ಗಾಳಕ್ಕೆ ಹೆಸರಾಗಿದ್ದ ತಾಣ. ಅಲ್ಲಿ ಕೊಠಡಿಯೋ ಡೇರೆಯೋ ಹಿಡಿಯಬೇಕು. ಮುತ್ತತ್ತಿಯಲ್ಲಿ ಆಂಜನೇಯನಿಗೆ ಹರಕೆ ಒಪ್ಪಿಸಿ, ಪರ ಮಾಡಿ, ಉಂಡು ಸಂಜೆಗೆ ಹೊರಡುವುದು ರೂಢಿ. ಹೊಳೆಯ ಸುಳಿಗಳು ಈಜಲು ಇಳಿದ ಎಷ್ಟೋ ಜನರನ್ನು ತೆಗೆದುಕೊಂಡಿವೆ. ಕುಡಿದು ಬಿಸಾಡಿದ ಬಾಟಲಿಗಳ ಕಥೆ ಬೇರೆ. ದೂರದಿಂದ ಬಂದ ಗಾಡಿಯೆಂದರೆ ಸುತ್ತಲಿನ ಜನಕ್ಕೆ ನೆನಪಾಗುವುದು ಇವೆರಡೇ ಆಗಿದ್ದರೆ ಅವರನ್ನು ದೂರುವಂತಿಲ್ಲ.

ಕಾಡಿನ ಅಂಚಿನ ಹೊಲದಲ್ಲಿ ನಿಲ್ಲಿಸಿದರೆ? ಬಸವನಬೆಟ್ಟ, ಮುತ್ತತ್ತಿ ಕಾಡುಗಳಿಂದ ಆನೆಗಳು ಹಲಗೂರು ಹೋಬಳಿಯ ಹೊಲಗಳಿಗೆ ಇಳಿಯುವುದು ಇಲ್ಲಿನ ರೈತರಿಗೆ ಸುಗ್ಗಿಯಷ್ಟೇ ಖಾಯಂ. ರಾಗಿ, ಬಾಳೆ, ಕಬ್ಬು ಕಾಯಲು ಅಟ್ಟಣೆಯ ಮೇಲೆ ರಾತ್ರಿ ಕಳೆಯುವವರ ನಡುವೆ, ಒಳಗೆ ಹಣ್ಣು ಕಾಯಿ ತುಂಬಿಕೊಂಡ ತಗಡಿನ ಗೂಡು ನಿಲ್ಲಿಸುವುದು ತನಗೂ ಅವರಿಗೂ ಅಪಾಯ. ಇನ್ನೂ ಮುಂದಕ್ಕೆ ಓಡೋಣವೆಂದರೆ ತಮಿಳುನಾಡಿನ ಕಡೆಯ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ. ಮೈಸೂರಿನ ಕಡೆ ತಿರುಗಿ ಬಂಡೀಪುರ ದಾಟೋಣವೆಂದರೆ ಅಲ್ಲೂ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ರಸ್ತೆ ಮುಚ್ಚಿರುತ್ತದೆ. ಸುಗ್ಗಿಯ ದಿನವಾದರೆ ಒಳರಸ್ತೆಗಳೇ ಕಣ. ಹುರುಳಿ, ರಾಗಿ ತೆನೆ ಹರಡಿರುತ್ತವೆ.

ಉಳಿದದ್ದು ಪೆಟ್ರೋಲ್ ಬಂಕು, ಡಾಬಾದ ಅಂಗಳ, ಕಲ್ಯಾಣ ಮಂಟಪದ ಬಯಲು. ಲಾರಿಯವರು ತಲೆಮಾರುಗಳಿಂದ ಬಳಸುವ ತಾಣಗಳಿವು. ಒಂದು ರಾತ್ರಿಗೆ ಆದೀತು, ವಾರಕ್ಕೆ ಆಗದು. ಹೆಣ್ಣುಮಕ್ಕಳಿಗೆ ನೆಮ್ಮದಿಯ ಶೌಚಾಲಯ ಸಿಗುವುದು ಅದೃಷ್ಟ.

ನೀರಿನ ಮಾತು ಇಲ್ಲಿ ಇನ್ನಷ್ಟು ಚುರುಕಾಗುತ್ತದೆ. ಇದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ಶುದ್ಧಗೊಳಿಸಿ ಹಾರೋಹಳ್ಳಿ, ತಾತಗುಣಿಗಳ ಮೂಲಕ ಬೆಂಗಳೂರಿಗೆ ಎತ್ತುತ್ತಾರೆ. 1974ರಲ್ಲಿ ಶುರುವಾದ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದೊಂದೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅಷ್ಟು ನೀರು ಹಾದುಹೋಗುವ ಸೀಮೆಯಲ್ಲಿ ದಾರಿಹೋಕನಿಗೆ 100 ಲೀಟರ್ ತುಂಬಿಸಿಕೊಳ್ಳಲು ಒಂದು ಸಾರ್ವಜನಿಕ ನಲ್ಲಿ ಗೊತ್ತು ಮಾಡುವುದು ದೊಡ್ಡ ಕೆಲಸವೇನಲ್ಲ. ಕೊಳೆಯದು ಕೊಂಚ ಕಷ್ಟ. ತುಂಬಿದ ಡಬ್ಬಿಯನ್ನು ಚರಂಡಿಗೋ ಕಾಲುವೆಗೋ ಸುರಿದರೆ ಅದು ಅಪರಾಧಕ್ಕಿಂತ ಮೊದಲು ದ್ರೋಹ. ಪಿಟ್ ಹೊಲಸನ್ನು ಸಂಸ್ಕರಿಸುವ ಘಟಕಗಳು ನಮ್ಮಲ್ಲಿ 2015ರಲ್ಲಿ ದೇವನಹಳ್ಳಿಯಿಂದ ಶುರುವಾಗಿವೆ. ಅಂಥ ಘಟಕಕ್ಕೆ ಹೊಂದಿಸಿ ಹೆದ್ದಾರಿಯ ಪಕ್ಕ ಒಂದು ಗುಂಡಿ ಕಟ್ಟಿಸಿದರೆ ಕ್ಯಾರವಾನಿಗಷ್ಟೇ ಅಲ್ಲ, ಬಸ್ಸಿಗೂ ಯಾತ್ರಿಕರಿಗೂ ಆಗುತ್ತದೆ.

ವಿಳಾಸವಿಲ್ಲದವರ ಹಕ್ಕು

ತಂಗುವ ಜಾಗದ ಬೆನ್ನಿಗೇ ವಿಳಾಸದ ಪ್ರಶ್ನೆ ಬರುತ್ತದೆ. ಬ್ಯಾಂಕು, ವಿಮೆ, ಗ್ಯಾಸು, ಆಧಾರ್, ಮತ ಎಲ್ಲಕ್ಕೂ ಬಾಗಿಲು ನಂಬರು ಬೇಕು. ಅಣ್ಣನ ಮನೆಯ ವಿಳಾಸವೋ ಬಾಡಿಗೆಗೆ ಕೊಟ್ಟ ಸ್ವಂತ ಮನೆಯ ವಿಳಾಸವೋ ಇರುವ ನಿವೃತ್ತರಿಗೆ ಇದು ಕಷ್ಟವಲ್ಲ. ಏನೂ ಇಲ್ಲದವರಿಗಾಗಿ ಇರುವ ಕೆಲವು ಕಿಂಡಿಗಳನ್ನು ತಿಳಿದಿರುವುದು ಒಳ್ಳೆಯದು. ಮನೆಯಿಲ್ಲದವರೂ ಮತದಾರರ ಪಟ್ಟಿಗೆ ಸೇರಬಹುದು. ಅರ್ಜಿಯಲ್ಲಿ ಹೇಳಿದ ಜಾಗದಲ್ಲೇ ಮಲಗುತ್ತಾರೆಯೇ ಎಂದು ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಬಂದು ನೋಡುವ ಪದ್ಧತಿಯನ್ನು ಚುನಾವಣಾ ಆಯೋಗ ಮಾಡಿದೆ. ಒಂದೇ ತಾಣದಲ್ಲಿ ಮಲಗುವವರಿಗೆ ಇದು ಸರಿ. ನಿನ್ನೆ ಹಲಗೂರು ನಾಳೆ ಹುಣಸೂರು ಎನ್ನುವವರನ್ನು ಅಧಿಕಾರಿ ಎಲ್ಲೆಂದು ಹುಡುಕಬೇಕು? ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಯಾವ ಊರಿನ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳೊತ್ತಿ ಅಕ್ಕಿ ಪಡೆಯಬಹುದು. ಐದು ಕೆ.ಜಿ.ಯ ಸಣ್ಣ ಸಿಲಿಂಡರು ವಿಳಾಸದ ಪುರಾವೆ ಇಲ್ಲದೆ ಗುರುತಿನ ಚೀಟಿಗೇ ಸಿಗುತ್ತದೆ. ಇವೆಲ್ಲ ವಲಸೆ ಕೂಲಿಕಾರರನ್ನು ನೆನೆದು ಮಾಡಿದ ಏರ್ಪಾಡುಗಳು. ಸೋಲಾರ್ ಗಾಡಿಯವನು ಬೋರ್‌ವೆಲ್ ಹುಡುಗರ ಋಣದಲ್ಲಿದ್ದಾನೆ.

ಮಕ್ಕಳಿರುವವರಿಗೆ ಶಾಲೆಯೇ ಗಡಿ. ಕಟ್ಟಡ ಕೂಲಿಗಳ, ವಲಸಿಗರ ಮಕ್ಕಳಿಗಾಗಿ ಕರ್ನಾಟಕದಲ್ಲಿ ಟೆಂಟ್ ಶಾಲೆಗಳು ನಡೆದದ್ದುಂಟು. ಅವೂ ಒಂದು ಕಡೆ ಕೆಲವು ತಿಂಗಳಾದರೂ ನಿಲ್ಲುವವರಿಗೆ. ಓದಿದ ತಂದೆತಾಯಿ ಗಾಡಿಯಲ್ಲೇ ಪಾಠ ಹೇಳಿ ಮುಕ್ತ ಶಾಲೆಯ ಪರೀಕ್ಷೆ ಕಟ್ಟಿಸಬಹುದು. ಕುರಿಗಾರನ ಮಗಳಿಗೆ ಆ ಅನುಕೂಲವಿಲ್ಲ. ಹಾಗಾಗಿ ಅವಳು ಅಜ್ಜಿಯ ಬಳಿ ಊರಲ್ಲೇ ಉಳಿಯುತ್ತಾಳೆ, ಇಲ್ಲವೇ ಶಾಲೆ ಬಿಡುತ್ತಾಳೆ.

ಹೊರಗಿನ ಪಾಠ

ಅಮೆರಿಕದಲ್ಲಿ ಈ ಬದುಕಿಗೆ ಒಂದು ವ್ಯವಸ್ಥೆಯೇ ಬೆಳೆದಿದೆ. 1978ರಲ್ಲಿ ಹುಟ್ಟಿದ ಎಸ್ಕೇಪೀಸ್ ಎಂಬ ಸಂಘ ಟೆಕ್ಸಾಸ್‌ನಿಂದ ಸದಸ್ಯರ ಅಂಚೆಯನ್ನು ಅವರಿದ್ದಲ್ಲಿಗೆ ಕಳಿಸುತ್ತದೆ. ದಕ್ಷಿಣ ಡಕೋಟ ರಾಜ್ಯ ಅಲ್ಲಿ ಒಂದು ರಾತ್ರಿ ತಂಗಿದ ರಸೀದಿ ತೋರಿಸಿದವರಿಗೆ ನಿವಾಸಿಯ ಲೈಸೆನ್ಸು ಕೊಡುವುದಕ್ಕೆ ಹೆಸರಾಯಿತು. ಪಶ್ಚಿಮದ ಸರ್ಕಾರಿ ಬಯಲುಗಳಲ್ಲಿ ಸಾಮಾನ್ಯವಾಗಿ 14 ದಿನ ಪುಕ್ಕಟೆ ತಂಗಬಹುದು, ಆಮೇಲೆ ಕದಲಬೇಕು. ಗೋಮಾಳದಂಥದೇ ನೆಲ, ಬರೆದಿಟ್ಟ ನಿಯಮದೊಂದಿಗೆ. ಆದರೆ ಅಲ್ಲಿನ ಚಿತ್ರ ಬರೀ ರಂಗಿನದಲ್ಲ. 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡ ಹಿರಿಯರು ವ್ಯಾನುಗಳಲ್ಲಿ ಮಲಗುತ್ತ ಗೋದಾಮುಗಳಲ್ಲಿ, ಸಕ್ಕರೆ ಬೀಟ್ ಕೊಯ್ಲಿನಲ್ಲಿ ದುಡಿದ ಕಥೆಯನ್ನು ಜೆಸಿಕಾ ಬ್ರೂಡರ್ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕವಾಗಿಸಿದರು. ಅದರ ಸಿನಿಮಾ 2021ರಲ್ಲಿ ಆಸ್ಕರ್ ಪಡೆಯಿತು. ಬ್ರಿಟನ್ ಇನ್ನೊಂದು ತುದಿಗೆ ಹೋಯಿತು: 2022ರ ಕಾಯ್ದೆಯೊಂದು ಅನುಮತಿ ಇಲ್ಲದೆ ಬೀಡುಬಿಡುವ ಜಿಪ್ಸಿ, ಟ್ರಾವೆಲರ್ ಸಮುದಾಯಗಳ ಗಾಡಿಯನ್ನೇ ಜಪ್ತಿ ಮಾಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ರಜೆಯ ಕ್ಯಾರವಾನ್ ಪಾರ್ಕುಗಳು ಮಾತ್ರ ಎಂದಿನಂತೆ ನಡೆದಿವೆ.

ನಮ್ಮ ನೀತಿಗಳೂ ಇದೇ ಜಾಡು ಹಿಡಿಯುವ ಲಕ್ಷಣವಿದೆ. ಕೇಂದ್ರ ಪ್ರವಾಸೋದ್ಯಮ ಇಲಾಖೆ ಸುಮಾರು ಒಂದೂವರೆ ದಶಕದ ಹಿಂದೆಯೇ ಕ್ಯಾರವಾನ್ ಪಾರ್ಕುಗಳ ನೀತಿ ರೂಪಿಸಿತು. ಕೇರಳ 2021ರಲ್ಲಿ ಕೆರವಾನ್ ಯೋಜನೆ ಘೋಷಿಸಿ ಮರುವರ್ಷ ವಾಗಮಣ್‌ನಲ್ಲಿ ಪಾರ್ಕು ತೆರೆಯಿತು. ಇವೆಲ್ಲ ಎರಡು ಮೂರು ದಿನಕ್ಕೆ ಬಾಡಿಗೆ ಗಾಡಿ ಹಿಡಿಯುವ ಪ್ರವಾಸಿಗಾಗಿ. ವರ್ಷವಿಡೀ ಗಾಡಿಯಲ್ಲೇ ಬಾಳುವವನು, ಅವನು ಸಾಫ್ಟ್‌ವೇರಿನವನಿರಲಿ ಹೆಳವನಿರಲಿ, ನೀತಿಯ ಕಣ್ಣಿಗೆ ಬಿದ್ದಿಲ್ಲ.

ಭಾರತದಲ್ಲಿ ಎಡೆಬಿಡದ ಸಂಚಾರ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಮೈಸೂರಿನ ಉದಾಹರಣೆಯೊಂದಿದೆ. ಡಿ. ಕೃಷ್ಣಕುಮಾರ್ ಅವರು ಕೆಲಸ ಬಿಟ್ಟು, ತಾಯಿ ಚೂಡಾರತ್ನಮ್ಮನವರನ್ನು ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟು, ವರ್ಷಗಳ ಕಾಲ ದೇಶವನ್ನೂ ನೆರೆಯ ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ಸುತ್ತಿದರು. ಅವರ ಗಾಡಿಯಲ್ಲಿ ಮಂಚವಿರಲಿಲ್ಲ, ಒಲೆಯಿರಲಿಲ್ಲ. ಮಠ, ಮಂದಿರ, ಆಶ್ರಮಗಳು ಜಾಗ ಕೊಟ್ಟವು. ದಾರಿಯ ಮೇಲೆ ತಂಗುವ ತಾಣಗಳಿದ್ದರೆ ಸ್ಕೂಟರೇ ಸಾಕು.

ನಂಬಿಕೆಯ ಬೆಲೆ

ಆದರೆ ಆ ಆದರ ಎಲ್ಲರಿಗೂ ಸಿಗುವುದಿಲ್ಲ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರು ಅಲೆಮಾರಿಗಳನ್ನು ಮಕ್ಕಳ ಕಳ್ಳರೆಂದು ಜನ ಹೊಡೆದು ಕೊಂದರು. ಎರಡು ವಾರವೂ ಕಳೆಯದೆ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಕಾರಿನಲ್ಲಿ ಸುತ್ತಾಡಲು ಬಂದಿದ್ದ ಹೈದರಾಬಾದಿನ ಯುವಕರ ಮೇಲೆ ಗುಂಪು ಎರಗಿತು. ಒಬ್ಬ ಇಂಜಿನಿಯರ್ ಸತ್ತ. ಎರಡರ ಹಿಂದೆಯೂ ಅದೇ ವಾಟ್ಸ್‌ಆ್ಯಪ್ ವದಂತಿ. ಮೊದಲನೆಯವರು ಬಡವರು, ಎರಡನೆಯವರು ಅನುಕೂಲಸ್ಥರು. ಗುಂಪು ಇಬ್ಬರನ್ನೂ ಬೇರೆಯೆಂದು ನೋಡಲಿಲ್ಲ. 1871ರಲ್ಲಿ ಕಾನೂನಾಗಿದ್ದ ಅನುಮಾನ ಈಗ ಫೋನಿನಲ್ಲಿ ಓಡಾಡುತ್ತದೆ, ನುಣುಪು ಬಣ್ಣದ ಗಾಡಿ ಅದರಿಂದ ಕಾಪಾಡುವುದಿಲ್ಲ. ಕಾಪಾಡುವುದು ಊರಿಗೆ ಗೊತ್ತಿರುವ ತಾಣ, ಅಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಒಬ್ಬ ನೌಕರ, ಬಂದವನು ಕೊಂಡ ಸೊಪ್ಪು ಹಾಲಿನಿಂದ ಊರಿಗೆ ಆಗುವ ನಾಲ್ಕು ಕಾಸು.

ಹಾಗಾದರೆ ಮಾಡಬೇಕಾದ್ದೇನು? ಹೆದ್ದಾರಿಗೆ ಸೇರಿದ ಹೋಬಳಿ ಕೇಂದ್ರಗಳಲ್ಲಿ ಉಳಿದಿರುವ ಗುಂಡುತೋಪನ್ನು ಅಳೆದು ಗಡಿ ಹಾಕಿಸಿ, ಅದರ ಒಂದು ಪಾಲನ್ನು ತಂಗುತೋಪು ಎಂದು ಗ್ರಾಮ ಪಂಚಾಯ್ತಿ ಗೊತ್ತುಪಡಿಸಲಿ. ನಲ್ಲಿ, ಶೌಚಾಲಯ, ಹೊಲಸು ಸುರಿಯುವ ಗುಂಡಿ, ಮೀಟರ್ ಹಾಕಿದ ನಾಲ್ಕು ಪ್ಲಗ್ ಪಾಯಿಂಟು, ಒಂದು ದೀಪ, ಒಂದು ಪುಸ್ತಕ. ಎಸಿ ಓಡಿಸುವವನು ಯೂನಿಟ್ಟಿನ ದುಡ್ಡು ಕೊಡಲಿ. ಮಂದೆಯವನಿಗೆ, ಹೆಳವನಿಗೆ, ಬೆಟ್ಟಕ್ಕೆ ನಡೆದು ಹೋಗುವವನಿಗೆ ಪುಕ್ಕಟೆ ಇರಲಿ. ತಂಗಲು ಇಷ್ಟೇ ದಿನ ಎಂಬ ಮಿತಿ ಎಲ್ಲರಿಗೂ ಒಂದೇ ಇರಲಿ. ಇದಕ್ಕೆ ರೆಸಾರ್ಟಿನ ಬಂಡವಾಳ ಬೇಡ.

ಗಾಡಿ ಕೊಳ್ಳಲು ಹೊರಟವರಿಗೂ ಒಂದು ಮಾತು. ಮೊದಲು ಬಾಡಿಗೆ ಗಾಡಿಯಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದು ನೋಡಿ. ಆರ್‌ಸಿಯಲ್ಲಿ ಬರೆಯಿಸದ ಮಾರ್ಪಾಡಿಗೆ ಕೈಹಾಕಬೇಡಿ. ನೂರು ಊರಿನ ಪಟ್ಟಿ ಬಿಟ್ಟು ನಿಮ್ಮನ್ನು ಹೆಸರು ಹಿಡಿದು ಕರೆಯುವ ಹತ್ತು ಊರು ಸಂಪಾದಿಸಿಕೊಳ್ಳಿ. ಪ್ರವಾಸೋದ್ಯಮದ ಹೆಸರಿನಲ್ಲಿ ಹಲಗೂರಿಗೆ ನಾಳೆ ಕ್ಯಾರವಾನ್ ಪಾರ್ಕಿನ ಕಡತ ಬಂದರೆ ಪಂಚಾಯ್ತಿ ಕೇಳಬೇಕಾದ ಮೊದಲ ಪ್ರಶ್ನೆ, ಕುರಿ ಮಂದೆಯವನು ಅಲ್ಲಿ ಒಂದು ರಾತ್ರಿ ನಿಲ್ಲಬಹುದೇ ಎಂಬುದು. ಇಲ್ಲ ಎನ್ನುವ ಉತ್ತರ ಬಂದರೆ ಆ ಕಡತಕ್ಕೆ ಊರಿನ ತೋಪಿನಲ್ಲಿ ಜಾಗವಿಲ್ಲ. ಅವರು ಹಣ ಕೊಟ್ಟು ಖಾಸಗಿ ಜಮೀನು ಕೊಳ್ಳಲಿ.